ಹಡಗಿನಲ್ಲಿ ಐದು ದಿನ

ಹೈದರಾಬಾದಿನಲ್ಲಿ ನೆಲೆನಿಂತ ನಮ್ಮಂಥವರಿಗೆ ಸಾಗರವೆಂದರೆ ಹುಸೇನ್ ಸಾಗರವೇ ಸರಿ. ಊರಿನಿಂದ ನೆಂಟರು ಬಂದರೆ ಚಾರ್‌ಮಿನಾರು, ಸಾಲಾರ್‌ಜಂಗ್ ಮ್ಯೂಸಿಯಂ ಮುಗಿಸಿ, ಸಂಜೆಗೆ ಲುಂಬಿನಿ ಉದ್ಯಾನದಿಂದ ಲಾಂಚು ಹತ್ತಿಸಿ ಬುದ್ಧನ ಪ್ರತಿಮೆಯ ಬುಡದವರೆಗೆ ಕರೆದೊಯ್ದು ತರುತ್ತೇವೆ. ಅಲ್ಲಿಗೆ ಜಲಯಾನ ಮುಗಿಯಿತು. ಆ ಪ್ರತಿಮೆ 1990ರಲ್ಲಿ ಸಾಗಿಸುವಾಗ ನೀರಿಗೆ ಜಾರಿ, ಜೀವಹಾನಿಯೂ ಆಗಿ, ಎರಡು ವರ್ಷಕ್ಕೂ ಮಿಕ್ಕಿ ಕೆರೆಯ ತಳದಲ್ಲಿ ಮಲಗಿದ್ದು, 1992ರ ಡಿಸೆಂಬರಿನಲ್ಲಿ ಮೇಲೆದ್ದು ನಿಂತ ಕಥೆಯನ್ನು ಹೇಳಿದರೆ ನೆಂಟರು ಲಾಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಇಷ್ಟು ಮಾತ್ರದ ನೀರಿನ ಅನುಭವವಿದ್ದ ನಾವು 2019ರ ಫೆಬ್ರವರಿಯಲ್ಲಿ ಐದು ದಿನ, ನಾಲ್ಕು ರಾತ್ರಿ ಅರಬ್ಬಿ ಸಮುದ್ರದ ಮೇಲೆ ಕಳೆದು ಬಂದೆವೆಂದರೆ ನಮ್ಮ ಬಡಾವಣೆಯ ಕನ್ನಡ ಬಳಗದ ಕೆಲವರು ಇನ್ನೂ ಪೂರ್ತಿ ನಂಬಿಲ್ಲ.

ನಾವೆಂದರೆ ನಾಲ್ವರು: ನಮ್ಮ ತಾಯಿಯವರು, ಶ್ರೀಮತಿ, ಒಂಬತ್ತನೆಯ ತರಗತಿಯಲ್ಲಿದ್ದ ಮಗಳು, ಮತ್ತು ಈ ಬರಹಗಾರ. ಕೇಂದ್ರ ಸರ್ಕಾರದ ಗುಮಾಸ್ತರಿಗೆ ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ ಹೋಗಿಬರುವ ಎಲ್‌ಟಿಸಿ ಎಂಬ ಸೌಲಭ್ಯವಿರುವುದು ಓದುಗರಲ್ಲಿ ಹಲವರಿಗೆ ಗೊತ್ತು. ನಮ್ಮ ಶಾಖೆಯಲ್ಲಿ ಎಲ್ಲರೂ ಶ್ರೀನಗರಕ್ಕೋ ಗ್ಯಾಂಗ್‌ಟಾಕಿಗೋ ಹೋಗಿ ಉಣ್ಣೆಯ ಶಾಲು ಹೊದ್ದು ಬರುವವರೇ. ನಾವು ಲಕ್ಷದ್ವೀಪ ಎಂದಾಗ, 'ಅಲ್ಲಿ ಏನಿದೆ?' ಎಂದು ಕೇಳಿದರು. ಏನಿದೆ ಎಂಬುದು ನಮಗೂ ಪುಸ್ತಕದಿಂದ ಮಾತ್ರ ಗೊತ್ತಿತ್ತು. ಹೆಸರಿಗೆ ಲಕ್ಷವಾದರೂ ಲೆಕ್ಕಕ್ಕೆ ಮೂವತ್ತಾರು ದ್ವೀಪಗಳು, ಜನರಿರುವುದು ಹತ್ತರಲ್ಲಿ, ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರು, 2011ರ ಜನಗಣತಿಯಂತೆ ಜನಸಂಖ್ಯೆ 64,473. ಹೈದರಾಬಾದಿನ ಒಂದೂವರೆ ವಾರ್ಡಿನಷ್ಟು ಜನ!

ಅಲ್ಲಿಯ ಆಡಳಿತದ ಪ್ರವಾಸ ಸಂಸ್ಥೆಯವರು 'ಸಮುದ್ರಂ' ಎಂಬ ಹೆಸರಿನಲ್ಲಿ ಕೊಚ್ಚಿಯಿಂದ ಐದು ದಿನದ ಹಡಗಿನ ಪ್ರವಾಸ ಏರ್ಪಡಿಸುತ್ತಿದ್ದರು. ಹಗಲು ಒಂದೊಂದು ದ್ವೀಪ, ರಾತ್ರಿ ಹಡಗಿನಲ್ಲೇ ವಾಸ. ದ್ವೀಪದವರಲ್ಲದ ನಾವು ನಮ್ಮ ದೇಶದೊಳಗೇ ಹೋಗಲು ಪರವಾನಗಿ ಪಡೆಯಬೇಕು. 1967ರಿಂದ ಅಂಥದೊಂದು ನಿಯಮ ಇದೆ. ಪೊಲೀಸ್ ಠಾಣೆಗೆ ಹೋಗಿ ನಮ್ಮ ಮೇಲೆ ಮೊಕದ್ದಮೆಗಳಿಲ್ಲವೆಂದು ಬರೆಸಿ ತಂದೆವು. ಎಪ್ಪತ್ತರ ತಾಯಿಯವರ ಹೆಸರನ್ನೂ ಆ ಪಟ್ಟಿಯಲ್ಲಿ ಬರೆಯುವಾಗ ಠಾಣೆಯ ರೈಟರಿಗೇ ನಗು ಬಂತು.

ಹಡಗು ಎಂದಕೂಡಲೇ ಒಪ್ಪಿದವರು ತಾಯಿಯವರು. ಅದಕ್ಕೊಂದು ಹಿನ್ನೆಲೆ ಇದೆ. ಅವರ ತವರು ಹೊನ್ನಾವರ. ಅವರ ತಂದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಯ ಖಾನಾವಳಿಯೊಂದಕ್ಕೆ ಲೋಟ ತೊಳೆಯಲು ಹೋದವರು. ಹೋದದ್ದು ಆಗಬೋಟಿನಲ್ಲಿ. ಆಗ್ ಎಂದರೆ ಬೆಂಕಿ. ಬೆಂಕಿಯ ಬಲದಿಂದ ಓಡುವ ಬೋಟು ಆಗಬೋಟು. ಆಗ ಕರಾವಳಿಯ ನದಿಗಳಿಗೆ ಸೇತುವೆಗಳಿರಲಿಲ್ಲ, ರೈಲಿನ ಮಾತೇ ಇರಲಿಲ್ಲ. ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದದ್ದು 1998ರಲ್ಲಲ್ಲವೇ! ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯಂಥವರ ಹಡಗುಗಳೇ ನಮ್ಮ ಕರಾವಳಿಯ ಹುಡುಗರನ್ನು ಮುಂಬಯಿಗೆ ಹೊತ್ತು ಹಾಕಿದವು. ಇಂದು ಮಾಟುಂಗದಲ್ಲೋ ಫೋರ್ಟಿನಲ್ಲೋ ಇಡ್ಲಿ ತಿನ್ನುವವರು ಆ ಇಡ್ಲಿ ಸಮುದ್ರದ ದಾರಿಯಿಂದ ಬಂದದ್ದೆಂದು ನೆನೆಯುವುದಿಲ್ಲ.

ಆಗಬೋಟು ದಡಕ್ಕೆ ಬರುತ್ತಿರಲಿಲ್ಲವಂತೆ. ಅಳಿವೆಯ ಹೊರಗೆ ಆಳ ನೀರಿನಲ್ಲಿ ಲಂಗರು ಹಾಕಿ ಕೂಗು ಹಾಕುತ್ತಿತ್ತು. ಜನ ಮಚವೆಯಲ್ಲಿ ಹೋಗಿ, ಅಲೆಯ ಮೇಲೆ ಏರಿಳಿಯುತ್ತಿರುವಾಗಲೇ ಏಣಿ ಹಿಡಿದು ಹತ್ತಬೇಕು. ಅಜ್ಜನ ಕಣ್ಣೆದುರೇ ಒಬ್ಬನ ಕಾಲು ಮಚವೆಗೂ ಆಗಬೋಟಿಗೂ ನಡುವೆ ಸಿಕ್ಕಿ ಮೊಣಕಾಲಿನ ಕೆಳಗೆ ಜಜ್ಜಿಹೋಯಿತಂತೆ. ಈ ಕಥೆಯನ್ನು ನಮ್ಮ ತಾಯಿಯವರು ತಂದೆಯ ಬಾಯಿಂದ ನೂರು ಸಲ ಕೇಳಿದ್ದಾರೆ, ನಾವು ಅವರ ಬಾಯಿಂದ ಇನ್ನೂರು ಸಲ. ಮಳೆಗಾಲದಲ್ಲಿ ಆಗಬೋಟು ನಿಲ್ಲುವುದು, ಮುಂಬಯಿಗೆ ಹೋದವರು ಮಳೆಗಾಲ ಮುಗಿಯುವವರೆಗೆ ಸತ್ತರೋ ಇದ್ದರೋ ಎಂದು ಪತ್ರದಿಂದ ಮಾತ್ರ ತಿಳಿಯುವುದು, 1947ರ ಜುಲೈ 17ರಂದು ಮುಂಬಯಿಯ ಹತ್ತಿರವೇ 'ರಾಮದಾಸ್' ಎಂಬ ಹಡಗು ಆರು ನೂರಕ್ಕೂ ಹೆಚ್ಚು ಜನರೊಡನೆ ಮುಳುಗಿದಾಗ ಹೊನ್ನಾವರದ ಮನೆಗಳಲ್ಲಿ ಒಲೆ ಹತ್ತದೇ ಇದ್ದದ್ದು, ಇವೆಲ್ಲ ಅವರಿಗೆ ತಮ್ಮದೇ ನೆನಪಿನಷ್ಟು ಸ್ಪಷ್ಟ. ಆದರೆ ಸ್ವತಃ ಹಡಗು ಹತ್ತಿದವರಲ್ಲ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ಸಮುದ್ರ ನೋಡಿದ್ದೇ ಅಪರೂಪ. 'ಅಪ್ಪ ಹತ್ತಿದ್ದು ಹೇಗಿತ್ತು ಅಂತ ಒಮ್ಮೆ ನೋಡಬೇಕು ಮಗಾ' ಎಂದರು.

ಸಿಕಂದರಾಬಾದಿನಲ್ಲಿ ಶಬರಿ ಎಕ್ಸ್‌ಪ್ರೆಸ್ ಹತ್ತಿ ಒಂದು ದಿನಕ್ಕೂ ಮಿಕ್ಕ ಪ್ರಯಾಣದ ಬಳಿಕ ಎರ್ನಾಕುಲಂ ಸೇರಿ, ಮರುದಿನ ವಿಲಿಂಗ್ಡನ್ ದ್ವೀಪದ ಬಂದರಿನಲ್ಲಿ 'ಎಂ.ವಿ. ಕವರತ್ತಿ' ಎಂಬ ಹಡಗಿನ ಮುಂದೆ ನಿಂತೆವು. ಏಳು ನೂರು ಪ್ರಯಾಣಿಕರನ್ನು ಹೊರುವ ಹಡಗು. ಕಟ್ಟಿದ್ದು ನಮ್ಮ ನೆರೆಯ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ. ತಾಯಿಯವರು ತಲೆಯೆತ್ತಿ ನೋಡಿ, 'ಇದು ಬೋಟಲ್ಲ, ಕಾಚಿಗೂಡ ಸ್ಟೇಷನ್ನು' ಎಂದರು. ಇಲ್ಲಿ ಮಚವೆಯ ಗೊಡವೆಯಿಲ್ಲ. ಧಕ್ಕೆಯಿಂದ ನೇರ ಮೆಟ್ಟಿಲು. ಹತ್ತಿ ಬಂದವರು ಹಿಂತಿರುಗಿ ನೋಡಿ, 'ಇಷ್ಟೇಯೋ?' ಎಂದು ಸ್ವಲ್ಪ ನಿರಾಶೆಯಿಂದಲೇ ಕೇಳಿದರು.

ಹಡಗು ಹೊರಡುವುದೆಂದರೆ ರೈಲು ಹೊರಟಂತಲ್ಲ. ಕದಲಿದ್ದೇ ತಿಳಿಯುವುದಿಲ್ಲ, ದಡದ ಗೋದಾಮುಗಳು ಮೆಲ್ಲಗೆ ಹಿಂದೆ ಸರಿಯತೊಡಗಿದಾಗಷ್ಟೇ ಗೊತ್ತು. ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು ದಾಟಿದವು. ಅಳಿವೆ ಮುಗಿದಲ್ಲಿ ದಾರಿ ತೋರಲು ಬಂದಿದ್ದ ಬಂದರಿನ ಪೈಲಟ್ಟು ಓಡುತ್ತಿರುವ ಹಡಗಿನಿಂದಲೇ ಹಗ್ಗದ ಏಣಿ ಇಳಿದು ಪಕ್ಕದ ಸಣ್ಣ ದೋಣಿಗೆ ಕಾಲಿಟ್ಟು ಹೊರಟುಹೋದ. ತಾಯಿಯವರು ಅದನ್ನೇ ನೋಡುತ್ತಿದ್ದರು. ನೀರು ಮೊದಲು ಕೆಸರು ಕಂದು, ಆಮೇಲೆ ಹಸಿರು, ಸಂಜೆಯ ಹೊತ್ತಿಗೆ ಮಸಿಯಂಥ ನೀಲಿ. ಮಗಳ ಕೈಲಿದ್ದ ಫೋನಿನ ಗೆರೆಗಳು ಒಂದೊಂದಾಗಿ ಮಾಯವಾಗಿ, ಕಡೆಯದೂ ಹೋದಾಗ ಅವಳ ಮುಖ ನೋಡುವಂತಿತ್ತು. ಅಲ್ಲಿಂದ ಮುಂದೆ ಐದು ದಿನ ಅವಳು ಅಜ್ಜಿಯ ಪಾಲಿಗೆ ಬಿದ್ದಳು. ನಮ್ಮ ಮನೆಯಲ್ಲಿ ಮಗಳು ಗೆಳತಿಯರೊಡನೆ ತೆಲುಗು, ಅಕ್ಕಪಕ್ಕದವರೊಡನೆ ದಖನಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡವೆಂದರೆ 'ಊಟ ಆಯ್ತಾ, ಮಲಗು' ಎಂಬಷ್ಟು. ಹಡಗಿನಲ್ಲಿ ಬೇರೆ ದಾರಿಯಿರಲಿಲ್ಲ, ಅಜ್ಜಿಗೆ ಬರುವುದು ಕನ್ನಡ ಒಂದೇ.

ನಮ್ಮದು ನಾಲ್ಕು ಹಾಸಿಗೆಯ ಕೋಣೆ. ಮೇಲೆ ಎರಡು, ಕೆಳಗೆ ಎರಡು, ರೈಲಿನ ಬೋಗಿಯಂತೆ. ಗುಂಡು ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು. ಸ್ನಾನದ ಮನೆಯ ಹೊಸ್ತಿಲು ಒಂದು ಗೇಣು ಎತ್ತರ, ನೀರು ಹೊರಗೆ ಹರಿಯದಿರಲೆಂದು. ಎರಡು ದಿನ ನಾವೆಲ್ಲರೂ ಅದನ್ನು ಎಡವಿ ಎಡವಿ ಕಲಿತೆವು. ಮೊದಲ ರಾತ್ರಿ ಹಡಗು ತೊಟ್ಟಿಲಿನಂತೆ ಆಡತೊಡಗಿತು. ಶ್ರೀಮತಿಯವರು ಊಟದ ತಟ್ಟೆಯ ಮುಂದಿನಿಂದಲೇ ಎದ್ದು ಹೋದರು. ಭೌತಶಾಸ್ತ್ರ ಓದಿದ ಗರ್ವದಿಂದ ನಾವು, 'ಕಣ್ಣು ನೆಲ ಅಲುಗಾಡಿಲ್ಲ ಅನ್ನುತ್ತದೆ, ಕಿವಿಯೊಳಗಿನ ದ್ರವ ಅಲುಗಾಡಿದೆ ಅನ್ನುತ್ತದೆ, ಎರಡರ ಜಗಳಕ್ಕೆ ಹೊಟ್ಟೆ ಬಲಿ. ಮೇಲೆ ಹೋಗಿ ದಿಗಂತವನ್ನು ನೋಡಿದರೆ ಸರಿಹೋಗುತ್ತದೆ' ಎಂದು ವಿವರಿಸಿದೆವು. 'ಈ ಕತ್ತಲಲ್ಲಿ ದಿಗಂತ ಎಲ್ಲಿಂದ ತರುತ್ತೀರಿ?' ಎಂದು ಕೇಳಿದರು. ಉತ್ತರವಿರಲಿಲ್ಲ. ತಾಯಿಯವರು ಹೊನ್ನಾವರದ ಉಪಾಯ ತೆಗೆದರು: ಒಣ ಅವಲಕ್ಕಿಯನ್ನು ಅಗಿಯುತ್ತ, ನಡುನಡುವೆ ಶುಂಠಿ ಚೂರು. ವಿಜ್ಞಾನಕ್ಕಿಂತ ಅವಲಕ್ಕಿ ಬೇಗ ಕೆಲಸ ಮಾಡಿತು.

ಎರಡನೆಯ ಬೆಳಗಾದಾಗ ನಮಗೆ ತಿಳಿದ ಸಂಗತಿಯೆಂದರೆ ಇದು ಬರೀ ಪ್ರವಾಸಿಗಳ ಹಡಗಲ್ಲ ಎಂಬುದು. ನಮ್ಮ ಅಂತಸ್ತಿನ ಕೆಳಗೆ ಉದ್ದನೆಯ ಹಾಲಿನಲ್ಲಿ ಸಾಲುಸಾಲು ಬಂಕುಗಳು. ಅಲ್ಲಿದ್ದವರೆಲ್ಲ ದ್ವೀಪದವರು. ರಜೆಗೆ ಮನೆಗೆ ಹೊರಟ ವಿದ್ಯಾರ್ಥಿಗಳು, ಎರ್ನಾಕುಲಂನಿಂದ ಮದುವೆಯ ಬಟ್ಟೆಬರೆ ಕೊಂಡವರು, ಮೊಟ್ಟೆಯ ತಟ್ಟೆಗಳು, ಈರುಳ್ಳಿ ಚೀಲಗಳು, ಹೊಸ ಮಿಕ್ಸಿ, ಕೈಗೂಸುಗಳು. ತರಕಾರಿಯಿಂದ ಸಿಮೆಂಟಿನವರೆಗೆ ಅವರ ನೆಲದಲ್ಲಿ ತೆಂಗು, ಮೀನು ಬಿಟ್ಟು ಮಿಕ್ಕಿದ್ದೆಲ್ಲ ನೀರು ದಾಟಿಯೇ ಬರಬೇಕು. ವಿಮಾನ ಇಳಿಯುವುದು ಅಗತ್ತಿ ಎಂಬ ಒಂದೇ ದ್ವೀಪದಲ್ಲಿ. ನಾವು 'ಕ್ರೂಸು' ಎನ್ನುತ್ತಿದ್ದುದು ಅವರಿಗೆ ನಮ್ಮ ಸಿಟಿ ಬಸ್ಸಿನಂತೆ. ಮೇಲೆ ನಾವು ಸೂರ್ಯಾಸ್ತದ ಚಿತ್ರ ತೆಗೆಯುತ್ತಿದ್ದಾಗ ಕೆಳಗೆ ಅವರು ಮುಂದಿನ ತಿಂಗಳ ಟಿಕೆಟಿನ ಚಿಂತೆ ಮಾಡುತ್ತಿದ್ದರು.

ಆ ಹಾಲಿನ ಬಾಗಿಲ ಬಳಿಯ ಬಂಕಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಮಲಗಿದ್ದರು. ಸೊಂಟದ ಮೂಳೆ ಮುರಿದು ಎರ್ನಾಕುಲಂ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಿಂತಿರುಗುತ್ತಿದ್ದವರು. ಪಕ್ಕದಲ್ಲಿ ಬೀಸಣಿಗೆ ಹಿಡಿದು ಗಂಡ ಕೂತಿದ್ದರು. ಮೆಟ್ಟಿಲಿನ ಬಳಿ ನಮ್ಮ ತಾಯಿಯವರು ಮೊಮ್ಮಗಳನ್ನು, 'ಓಡಬೇಡವೇ, ಜಾರ್‍ತೀಯ' ಎಂದು ಗದರಿದ್ದು ಕೇಳಿ ಆ ಹಿರಿಯರು ತಲೆಯೆತ್ತಿ, 'ನೀವು ಮಂಗಳೂರಿನವರಾ ಅಮ್ಮ?' ಎಂದರು. ನಡು ಸಮುದ್ರದಲ್ಲಿ ಕನ್ನಡ!

'ಹೊನ್ನಾವರ. ನೀವು?'

'ನಾವು ಅಮಿನಿ ದ್ವೀಪ. ಮಂಗಳೂರು ಬಂದರದಲ್ಲಿ ಹನ್ನೆರಡು ವರ್ಷ ಇದ್ದೆ, ಮಂಜಿಯಲ್ಲಿ ಕೆಲಸ. ಅಕ್ಕಿ, ಬೆಲ್ಲ, ಹಂಚು ತುಂಬಿಸಿ ಇಲ್ಲಿಗೆ ತರುವುದು, ಇಲ್ಲಿಂದ ಕತ್ತದ ಹಗ್ಗ, ಕೊಬ್ಬರಿ ಅಲ್ಲಿಗೆ. ಕನ್ನಡ ಸ್ವಲ್ಪ ಮರೆತಿದೆ.'

ಮರೆತದ್ದೇನೂ ಕಾಣಲಿಲ್ಲ. ಅಂದಿನಿಂದ ತಾಯಿಯವರ ವಾಸ ನಮ್ಮ ಕೋಣೆಯಲ್ಲಿ ಅರ್ಧ, ಆ ಬಂಕಿನ ಬಳಿ ಅರ್ಧ ಆಯಿತು.

ಆ ದಿನ ಕಲ್ಪೇನಿ ದ್ವೀಪ. ಹಡಗು ಹವಳದ ದಿಬ್ಬದ ಹೊರಗೆ, ದಡ ಕಾಣುವಷ್ಟು ದೂರದಲ್ಲಿ ನಿಂತಿತು. ಒಳಗಿನ ನೀರು ಆಳವಿಲ್ಲ, ದೊಡ್ಡ ಹಡಗು ಹೋಗುವಂತಿಲ್ಲ. ದ್ವೀಪದಿಂದ ಯಂತ್ರದೋಣಿಗಳು ಬಂದು ಹಡಗಿನ ಪಕ್ಕಕ್ಕೆ ಅಂಟಿಕೊಂಡವು. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು. ಅದರ ಮುಂದೆ ದೋಣಿ ಒಂದಾಳುದ್ದ ಮೇಲೇರುತ್ತದೆ, ಒಂದಾಳುದ್ದ ಕೆಳಗಿಳಿಯುತ್ತದೆ. ಇಬ್ಬರು ಖಲಾಸಿಗಳು ಮೇಲಿನಿಂದ ತೋಳು ಹಿಡಿದು ಬಿಡುತ್ತಾರೆ, ಇಬ್ಬರು ಕೆಳಗಿನಿಂದ ಹಿಡಿದುಕೊಳ್ಳುತ್ತಾರೆ. ಅರೆ ನಿಮಿಷದ ಕೆಲಸ. ಆದರೆ ಆ ಅರೆ ನಿಮಿಷದಲ್ಲಿ ಕಾಲ ಕೆಳಗೆ ಏನೂ ಇರುವುದಿಲ್ಲ. ತಾಯಿಯವರು ಸಾಲಿನಲ್ಲಿ ನಿಂತು ಬಾಗಿಲವರೆಗೆ ಬಂದರು. ದೋಣಿಗೂ ಹಡಗಿಗೂ ನಡುವಿನ ಸಂದು ತೆರೆದು ಮುಚ್ಚುವುದನ್ನು ಒಂದು ಗಳಿಗೆ ನೋಡಿದರು. ಮುಖ ಬಿಳಿಚಿಕೊಂಡಿತು.

'ಅಪ್ಪ ಹೇಳಿದ್ದು ಇದೇ. ನೀವು ಹೋಗಿ ಬನ್ನಿ' ಎಂದು ಹಿಂದೆ ಸರಿದರು.

ಒತ್ತಾಯ ಮಾಡುವಂತಿರಲಿಲ್ಲ. ಶ್ರೀಮತಿಯವರು ಅವರೊಡನೆ ಉಳಿದರು, ಮಗಳೊಡನೆ ನಾವು ಇಳಿದೆವು. 1847ರ ಮಹಾ ಬಿರುಗಾಳಿ ಸಮುದ್ರದ ತಳದಿಂದ ಎತ್ತಿ ಕಲ್ಪೇನಿಯ ಪೂರ್ವದ ದಂಡೆಗೆ ಎಸೆದ ಹವಳದ ಬಂಡೆಗಳ ರಾಶಿಯನ್ನು ನೋಡಿದೆವು. ಗೋಡೆಯಂತೆ ಇಂದಿಗೂ ನಿಂತಿದೆ. ನೀರಿನ ಬಣ್ಣದ ಬಗ್ಗೆ ಬರೆಯಲು ನಮ್ಮಲ್ಲಿ ಶಬ್ದವಿಲ್ಲ, ಬರೆದವರು ಬೇಕಾದಷ್ಟು ಜನ ಇದ್ದಾರೆ. ಮಧ್ಯಾಹ್ನವೆಲ್ಲ ಮಗಳು ಹಡಗಿನ ಕಡೆಗೇ ನೋಡುತ್ತಿದ್ದಳು.

ಸಂಜೆ ಹಿಂತಿರುಗಿ ಬರುವ ಹೊತ್ತಿಗೆ ಬಂಕಿನ ಬಳಿ ಭರ್ಜರಿ ಸಂಸಾರ ನಡೆದಿತ್ತು. ನಮ್ಮ ತಾಯಿಯವರಿಗೆ ಮಲಯಾಳ ಬಾರದು, ಆ ಹೆಂಗಸಿಗೆ ಕನ್ನಡ ಬಾರದು. ಗಂಡ ನಡುವೆ ಕೂತು ದುಭಾಷಿಯಾಗಿ ಸಾಕಾಗಿ ನಿದ್ದೆ ಹೋಗಿದ್ದರು. ಆದರೂ ಮಾತು ನಿಂತಿರಲಿಲ್ಲ! ತೆಂಗಿನಕಾಯಿ ಇಬ್ಬರಿಗೂ ತೆಂಗೇ, ಮಗ ಇಬ್ಬರಿಗೂ ಮಗನೇ, ನೋವು ಇಬ್ಬರಿಗೂ ನೋವೇ. ಉಳಿದದ್ದನ್ನು ಕೈಯಲ್ಲಿ ತೋರಿಸಿಕೊಳ್ಳುತ್ತಿದ್ದರು. ತಾಯಿಯವರು ಅವರ ತಲೆ ಬಾಚಿ ಜಡೆ ಹಾಕಿದ್ದರು.

ಆ ರಾತ್ರಿ ಮೇಲಿನ ಅಟ್ಟದಲ್ಲಿ ಗಾಳಿಗೆ ಕೂತು ಅಮಿನಿಯ ಹಿರಿಯರು ಹೇಳಿದ ಸಂಗತಿ ನಮ್ಮ ಓದುಗರಿಗೆ ವಿಶೇಷವಾಗಿ ತಿಳಿಯಬೇಕಾದದ್ದು. 'ನಾನು ಹುಟ್ಟಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ' ಎಂದರು. ನಮಗೆ ತಮಾಷೆಯೆನಿಸಿತು. ಆಮೇಲೆ ಊರಿಗೆ ಬಂದು ಪುಸ್ತಕ ತೆಗೆದು ನೋಡಿದರೆ ಅಕ್ಷರಶಃ ನಿಜ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳಿಗೆ ಅಮೀನ್‌ದಿವಿ ಎಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇವರು ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ದ್ವೀಪಗಳೂ ಕಂಪನಿಯ ಕೈಸೇರಿ ಕೆನರಾ ಜಿಲ್ಲೆಗೆ ಸೇರಿದವು. ಅಲ್ಲಿಂದ ಸುಮಾರು ಒಂದೂವರೆ ಶತಮಾನ ಅವರ ಕಚೇರಿ, ಅವರ ಸಂತೆ ಎಲ್ಲ ಮಂಗಳೂರೇ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ಕೊಳೆಹಾಕಿ, ಬಡಿದು, ಹೊಸೆದ ಕತ್ತವನ್ನೆಲ್ಲ ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಬೇರೆಯವರಿಗೆ ಮಾರುವಂತಿರಲಿಲ್ಲ. ಮಂಗಳೂರಿನಲ್ಲಿ ಅಕ್ಕಿಯ ಬೆಲೆ ಏರಿದರೆ ಅಮಿನಿಯಲ್ಲಿ ಹಗ್ಗ ಹೊಸೆಯುವ ಕೈಗೆ ಕೆಲಸ ಹೆಚ್ಚು. ಅದನ್ನು ನೋಡಿಯೇ ಬೆಳೆದವರು ಅವರ ತಾಯಿ, ಅಜ್ಜಿಯರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾವು ಪ್ರತಿ ವರ್ಷ ಇಲ್ಲಿ ಧ್ವಜ ಹಾರಿಸಿ ಸಿಹಿ ಹಂಚುವ ದಿನ. ಆ ದಿನವೇ ಹೈದರಾಬಾದು ಸಂಸ್ಥಾನ ಒಡೆದು ಬೀದರ, ಗುಲಬರ್ಗಾ, ರಾಯಚೂರು ಅತ್ತ ಹೋದವು, ರಾಜಧಾನಿಯ ಕನ್ನಡಿಗರು ಇತ್ತ ಉಳಿದರು. ಆ ದಿನವೇ ಕಾಸರಗೋಡು ಕೇರಳಕ್ಕೆ ಹೋಯಿತು. ಆ ದಿನವೇ ಅಮೀನ್‌ದಿವಿಗಳು ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಸೇರಿದವು. ಇದನ್ನು ಮಾತ್ರ ನಾವು ಯಾವ ರಾಜ್ಯೋತ್ಸವ ಭಾಷಣದಲ್ಲೂ ಕೇಳಿರಲಿಲ್ಲ. ಅವರ ಮಾತು ಮಲಯಾಳದ್ದೇ ಒಂದು ಬಗೆ, ಕನ್ನಡವಲ್ಲ. ಆದ್ದರಿಂದ ಯಾರಿಗೂ ಅನ್ಯಾಯವಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಲೆಕ್ಕ ನೋಡಿ: ಅಂದು ಅಟ್ಟದ ಮೇಲೆ ಕನ್ನಡ ಮಾತಾಡುತ್ತಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ಹುಟ್ಟಿದ್ದು ಮದರಾಸು ಪ್ರಾಂತದಲ್ಲಿ, ಮತ್ತೊಬ್ಬರು ಮುಂಬಯಿ ಪ್ರಾಂತದಲ್ಲಿ, ಕೇಳುತ್ತಿದ್ದ ಹುಡುಗಿ ಹುಟ್ಟಿದ್ದು ಹೈದರಾಬಾದಿನಲ್ಲಿ.

ಮಾರನೆಯ ದಿನದ ಮಿನಿಕಾಯಿ ದ್ವೀಪ ಉಳಿದವುಗಳಿಂದ ಬಹಳ ದೂರ ದಕ್ಷಿಣಕ್ಕಿದೆ. ನಡುವೆ 'ನೈನ್ ಡಿಗ್ರಿ ಚಾನಲ್' ಎಂಬ ಅಗಲವಾದ ಜಲಮಾರ್ಗ. ಕೊಲ್ಲಿ ದೇಶಗಳಿಂದ ಪೂರ್ವಕ್ಕೆ ಹೋಗುವ ದೊಡ್ಡ ಹಡಗುಗಳ ಹೆದ್ದಾರಿಯದು. ರಾತ್ರಿ ದೂರದಲ್ಲಿ ಅವುಗಳ ದೀಪಗಳು ತೆವಳುತ್ತಿದ್ದವು. ನಮ್ಮ ಹಡಗಿನ ಬದಿಯಲ್ಲಿ ನೀರು ಸೀಳುವಲ್ಲಿ ಹಸಿರು ಕಿಡಿಗಳು ಎದ್ದು ಆರುತ್ತಿದ್ದವು. ಮಗಳು ರಂಜಕವೆಂದಳು, ಅದು ರಂಜಕವಲ್ಲ, ಕಲಕಿದರೆ ಬೆಳಗುವ ಸೂಕ್ಷ್ಮಜೀವಿಗಳು ಎಂದು ನಾವು ತಿದ್ದಿದೆವು. ಅಜ್ಜಿ, 'ನಮ್ಮಲ್ಲಿ ಅದಕ್ಕೆ ಸಮುದ್ರ ಉರಿಯುತ್ತದೆ ಎನ್ನುತ್ತಾರೆ' ಎಂದರು. ಬೆಳಗಿನ ಜಾವ ದಿಗಂತದಲ್ಲಿ ಒಂದು ಬೆಳಕು ಮಿಂಚಿ ಮರೆಯಾಯಿತು. ಮಿನಿಕಾಯಿಯ ದೀಪಸ್ತಂಭ. 1885ರಲ್ಲಿ ಬೆಳಗಿದ್ದು, ಎತ್ತರ ಸುಮಾರು 47 ಮೀಟರು. ಭೂಮಿಯ ದುಂಡಿನ ಲೆಕ್ಕ ಹಾಕಿದರೆ, ನಾವು ನಿಂತ ಅಟ್ಟ ನೀರಿನಿಂದ ಹದಿನಾರು ಮೀಟರು ಮೇಲಿದ್ದಿತೆಂದು ಹಿಡಿದರೆ, ಬೆಳಕಿನ ಬುಡ್ಡಿ ನೇರವಾಗಿ ಕಣ್ಣಿಗೆ ಬೀಳಬೇಕಾದದ್ದು ಸುಮಾರು 40 ಕಿಲೋಮೀಟರಿನಲ್ಲಿ. ಮಗಳ ನೋಟುಪುಸ್ತಕದ ಹಿಂಬದಿಯಲ್ಲಿ ಆ ಲೆಕ್ಕ ಇನ್ನೂ ಇದೆ. ಡಿಗ್ರಿ ಪಡೆದು ಇಪ್ಪತ್ತು ವರ್ಷ ಕಡತಗಳಲ್ಲಿ ಟಿಪ್ಪಣಿ ಬರೆದವರಿಗೆ ವರ್ಗಮೂಲ ಮತ್ತೆ ಕೈಗೆ ಸಿಕ್ಕ ಸಂತೋಷವೇ ಬೇರೆ.

ಮಿನಿಕಾಯಿಯಲ್ಲಿಯೂ ತಾಯಿಯವರು ಇಳಿಯಲಿಲ್ಲ. ಈ ಸಲ ಬಾಗಿಲ ತನಕವೂ ಬರಲಿಲ್ಲ. ಈ ಸಲ ಶ್ರೀಮತಿಯವರೂ ನಮ್ಮೊಡನೆ ಬಂದರು. ಅಲ್ಲಿಯ ಜನರ ಮಾತು ಮಹಲ್. ಮಾಲ್ದೀವಿನ ಭಾಷೆಯ ಸೋದರಿ. ಸೂರೆ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿ ಮರದ ತುಂಡಿನಂತೆ ಮಾಡಿದ 'ಮಾಸ್' ಅಲ್ಲಿಯ ಪ್ರಸಿದ್ಧ ಸರಕು. ದೀಪಸ್ತಂಭದ ಮೆಟ್ಟಿಲು ಹತ್ತಿ ತುದಿಯಿಂದ ನೋಡಿದಾಗ ನಮ್ಮ ಹಡಗು ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಅದರೊಳಗೆ ಒಬ್ಬ ಮುದುಕಿ ಇನ್ನೊಬ್ಬ ಮುದುಕಿಗೆ ಗಂಜಿ ಕುಡಿಸುತ್ತಿದ್ದಾಳೆಂದು ನಮಗೆ ಮಾತ್ರ ಗೊತ್ತು.

ಸಂಜೆ ಹಡಗಿಗೆ ಬಂದಾಗ ತಾಯಿಯವರು ಸುಮ್ಮನಿದ್ದರು. ರಾತ್ರಿ ಊಟವಾದ ಮೇಲೆ ಹೇಳಿದರು: 'ನಾಳೆ ಕವರತ್ತಿಯಲ್ಲಿ ಅವರು ಇಳಿಯುವುದು. ಅಮಿನಿಗೆ ಇನ್ನೊಂದು ಹಡಗಂತೆ, ಯಾವತ್ತು ಅಂತ ಗೊತ್ತಿಲ್ಲವಂತೆ. ಆಕೆಗೆ ಆ ದೋಣಿಯ ಹೆದರಿಕೆ. ಬರುವಾಗ ಅದೇ ಕಾಲಿನ ನೋವಿನಲ್ಲಿ ಹೊತ್ತು ಹತ್ತಿಸಿದ್ದಾರೆ. ಎರಡು ದಿನದಿಂದ ಅದನ್ನೇ ಹೇಳುತ್ತಿದ್ದಾಳೆ, ನನಗೆ ಇವತ್ತು ಅರ್ಥವಾಯಿತು.'

ನಾಲ್ಕನೆಯ ದಿನ ಕವರತ್ತಿಯ ಹೊರಗೆ ಅಲೆ ಸ್ವಲ್ಪ ಜೋರಾಗಿಯೇ ಇತ್ತು. ಕವರತ್ತಿ ದ್ವೀಪಗಳ ರಾಜಧಾನಿ. 1964ರವರೆಗೆ ಆ ಕಚೇರಿ ಕೋಝಿಕ್ಕೋಡಿನಲ್ಲಿತ್ತು. ಪ್ರವಾಸಿಗಳ ದೋಣಿಗಳು ಮೊದಲು ಹೋದವು. ಕಡೆಗೆ ಬಂತು ಸ್ಟ್ರೆಚರು. ಆ ಹೆಂಗಸನ್ನು ಎದೆಗೆ, ಸೊಂಟಕ್ಕೆ, ಕಾಲಿಗೆ ಪಟ್ಟಿ ಬಿಗಿದು ಮಲಗಿಸಿದ್ದರು. ಅವರ ಕೈ ನಮ್ಮ ತಾಯಿಯವರ ಸೆರಗನ್ನು ಹಿಡಿದಿತ್ತು, ಬಿಡಲೊಲ್ಲದು. ಖಲಾಸಿಯೊಬ್ಬ ಬಿಡಿಸಲು ಬಂದ.

'ಬಿಡಿಸಬೇಡಪ್ಪ. ನಾನೇ ಬರ್‍ತೇನೆ' ಎಂದರು ತಾಯಿಯವರು.

ನಾವು ಬಾಯಿ ತೆರೆಯುವ ಮೊದಲೇ ಅಮಿನಿಯ ಹಿರಿಯರು ಮುಂದೆ ಬಂದರು. 'ಅಮ್ಮ, ಒಂದೇ ಮಾತು. ನೀರನ್ನು ನೋಡಬಾರದು, ದೋಣಿಯವನ ಮುಖ ನೋಡಬೇಕು. ದೋಣಿ ಮೇಲೆ ಬಂದು ನಿಂತಾಗ ಕಾಲು ಇಡುವುದು. ಕೆಳಗೆ ಹೋಗುವಾಗ ಯಾರು ಕರೆದರೂ ಇಡಬಾರದು.' ಅಲೆ ಮೇಲೇರಿ ತುದಿಯಲ್ಲಿ ಅರೆಗಳಿಗೆ ನಿಂತೇ ನಿಲ್ಲುತ್ತದೆ. ಆ ಅರೆಗಳಿಗೆಯಲ್ಲಿ ದೋಣಿಗೂ ಹಡಗಿಗೂ ಒಂದೇ ಮಟ್ಟ. ಲೋಲಕದ ಪಾಠದಲ್ಲಿ ನಾವು ಓದಿದ್ದೂ ಅದೇ, ತುದಿಯಲ್ಲಿ ವೇಗ ಸೊನ್ನೆ. ಆದರೆ ಇಷ್ಟು ಸರಳವಾಗಿ ಯಾರೂ ಕಲಿಸಿರಲಿಲ್ಲ.

ಮೊದಲು ಸ್ಟ್ರೆಚರು. ನಾಲ್ಕು ಜನ ಮೇಲೆ, ನಾಲ್ಕು ಜನ ಕೆಳಗೆ. ಒಂದು ಅಲೆ ಬಿಟ್ಟರು, ಎರಡು ಬಿಟ್ಟರು, ಮೂರನೆಯದಕ್ಕೆ ಯಾರೋ ಕೂಗಿದರು, ಸ್ಟ್ರೆಚರು ಗಾಳಿಯಲ್ಲಿ ದಾಟಿ ದೋಣಿಯೊಳಗೆ ಇಳಿಯಿತು. ಹೆಂಗಸು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ತಾಯಿಯವರು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿನಲ್ಲಿ ನಿಂತರು. ಒಂದು ಅಲೆ ಹೋಯಿತು. ಎರಡನೆಯದು ಹೋಯಿತು. ಖಲಾಸಿ, 'ಅಮ್ಮಾ' ಎಂದ. ಅವರು ಕದಲಲಿಲ್ಲ, ದೋಣಿ ಕೆಳಗಿತ್ತು. ಮುಂದಿನದಕ್ಕೆ ಯಾರೂ ಹೇಳುವ ಮೊದಲೇ, ನಮ್ಮ ಮನೆಯ ಹೊಸ್ತಿಲು ದಾಟುವಂತೆ, ಬಲಗಾಲಿಟ್ಟು ದಾಟಿದರು.

ನಾವು ಮುಂದಿನ ದೋಣಿಯಲ್ಲಿ ಹೋಗಿ ಸೇರುವ ಹೊತ್ತಿಗೆ ಜೆಟ್ಟಿಯ ಮೇಲೆ ಅವರಿಬ್ಬರನ್ನೂ ಜನ ಮುತ್ತಿಕೊಂಡಿದ್ದರು. ಕವರತ್ತಿಯಲ್ಲಿ ಪ್ರವಾಸಿಗಳು ನೋಡುವಂಥದು ಮರದ ಕೆತ್ತನೆಗೆ ಹೆಸರಾದ ಉಜ್ರಾ ಮಸೀದಿ ಮುಂತಾಗಿ ಸಾಕಷ್ಟಿದೆ. ನಾವು ಯಾವುದನ್ನೂ ನೋಡಲಿಲ್ಲ. ಅವರ ಸಂಬಂಧಿಕರ ಮನೆಯ ಜಗಲಿಯಲ್ಲಿ ಕೂತು ಎಳನೀರು ಕುಡಿದು, ನಾಲ್ಕು ಗಂಟೆಯ ದೋಣಿಗೆ ಮರಳಿದೆವು. ಹೊರಡುವಾಗ ಫೋನಿನ ನಂಬರು ಬರೆದುಕೊಂಡೆವು. ಕೊಚ್ಚಿಗೆ ವಾಪಸು ಬಂದ ರಾತ್ರಿ ತಾಯಿಯವರು ಗಾಢ ನಿದ್ದೆ ಮಾಡಿದರು. ಹೈದರಾಬಾದಿಗೆ ಬಂದ ಮೇಲೆ ಎರಡು ದಿನ ನಮ್ಮ ಮೂರನೆಯ ಮಹಡಿಯ ಮನೆಯೇ ತೂಗುತ್ತಿದೆಯೆಂದು ಗೋಡೆ ಹಿಡಿದು ನಡೆದರು.

ಅಮಿನಿಯಿಂದ ಒಂದು ವಾರದ ಮೇಲೆ ಫೋನು ಬಂತು. ಕವರತ್ತಿಯಲ್ಲಿ ಮೂರು ದಿನ ಕಾದು, ಬೇರೆ ಹಡಗಿನಲ್ಲಿ ಮನೆ ಸೇರಿದ್ದರು. ಆಮೇಲೆ ಹಬ್ಬಕ್ಕೊಮ್ಮೆ ಅವರು ಮಾಡುವುದು, ಹಬ್ಬಕ್ಕೊಮ್ಮೆ ಇವರು ಮಾಡುವುದು. ಕೊರೋನಾ ಬಂದ ವರ್ಷ ಎರಡೂ ಕಡೆಯವರು ಮನೆಯೊಳಗೇ ದ್ವೀಪವಾಸಿಗಳಾದೆವು.

2021ರ ಡಿಸೆಂಬರ್ ಮೊದಲ ವಾರ ಸಂಜೆಯ ವಾರ್ತೆಯಲ್ಲಿ ಎಂ.ವಿ. ಕವರತ್ತಿಯ ಹೆಸರು ಕೇಳಿಬಂತು. ಡಿಸೆಂಬರ್ 1ರಂದು ಕವರತ್ತಿಯಿಂದ ಆಂದ್ರೋತಿಗೆ ಹೋಗುತ್ತಿದ್ದಾಗ ಎಂಜಿನ್ ಕೋಣೆಯಲ್ಲಿ ಬೆಂಕಿ. ಹಡಗಿನಲ್ಲಿ ಆರು ನೂರಕ್ಕೂ ಹೆಚ್ಚು ಪ್ರಯಾಣಿಕರು. ಬೆಂಕಿ ಆರಿಸಿದ್ದಾರೆ, ಯಾರಿಗೂ ಪ್ರಾಣಾಪಾಯವಿಲ್ಲ. ತಾಯಿಯವರು ಟಿ.ವಿ.ಯ ಮುಂದೆ ಎದ್ದು ನಿಂತರು. ನಂಬರು ಒತ್ತಿದೆವು. ಆರೇಳು ಸಲ ಸಿಗಲಿಲ್ಲ. ಎಂಟನೆಯದಕ್ಕೆ ಹಿರಿಯರ ದನಿ ಕೇಳಿಸಿತು.

'ನಾವು ಮನೆಯಲ್ಲೇ ಉಂಟು ಅಮ್ಮ. ಅದರಲ್ಲಿ ನಮ್ಮವರು ಯಾರೂ ಇರಲಿಲ್ಲ. ಮೊಮ್ಮಗ ಮುಂದಿನ ವಾರ ಕಾಲೇಜಿಗೆ ಹೊರಡುವವ, ಟಿಕೆಟು ಆಗಿದೆ. ಈಗ ಬೇರೆ ಹಡಗು ನೋಡಬೇಕು.'

'ಈ ಗಲಾಟೆಯಲ್ಲಿ ಹುಡುಗನನ್ನು ಕಳಿಸುತ್ತೀರಾ?'

'ಮತ್ತೆ ಹೇಗೆ ಹೋಗುವುದು?'

ತಾಯಿಯವರು ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದರು. ಆಮೇಲೆ, 'ಆಕೆಯ ಕಾಲು ಹೇಗಿದೆ?' ಎಂದು ಕೇಳಿದರು.

'ನಡೆಯುತ್ತಾಳೆ. ಕೋಲು ಬಿಟ್ಟಿದ್ದಾಳೆ.'

'ಹಾಗಾದರೆ ಅವಳಿಗೇ ಕೊಡಿ' ಎಂದು ಹೇಳಿ, ನಮ್ಮ ಕಡೆಗೆ ತಿರುಗಿ ಟಿ.ವಿ. ಆರಿಸುವಂತೆ ಕೈಸನ್ನೆ ಮಾಡಿದರು.